ಕರ್ಪೂರದ ಡಬ್ಬಿಯೊಳಗಿನ ಚೀಟಿ

ಮೊನ್ನೆ ದೇವರ ಮಾಡು ಒರೆಸುತ್ತಿದ್ದೆ. ಮೊಮ್ಮಗಳು ಸಹಾಯ ಮಾಡಲು ಬಂದು ಕರ್ಪೂರ ಇಡುವ ತಗಡಿನ ಡಬ್ಬಿಯನ್ನು ಕೆಡವಿದಳು. ಹೂಬತ್ತಿ, ಊದಿನಕಡ್ಡಿಯ ತುಂಡು, ಪುಡಿಯಾದ ಕರ್ಪೂರ ಎಲ್ಲ ನೆಲದ ಮೇಲೆ ಹರಡಿದವು. ತಳಕ್ಕೆ ಅಂಟಿಕೊಂಡಿದ್ದ, ನಾಲ್ಕು ಮಡಿಕೆಯ ಕಾಗದವೊಂದು ಎಲ್ಲಕ್ಕೂ ಕೊನೆಗೆ ಬಿತ್ತು. ಕರ್ಪೂರದ ಜೊತೆ ಹಳೆಯ ಕಾಗದದ ವಾಸನೆ ಮೂಗಿಗೆ ಹೊಡೆದದ್ದೇ ತಡ, ಅದು ಯಾವ ಚೀಟಿ ಎಂದು ನೆನಪಾಯಿತು.

"ಅಜ್ಜೀ, ಇದರಾಗ ಕನ್ನಡ ಐತಿ! ಓದ್ಲೇನ?" ಅಂದಳು.

ನನ್ನ ಮೊಮ್ಮಗಳಿಗೆ ಇನ್ನೂ ಏಳು ವರ್ಷ. ಅಂಗಡಿಯ ಬೋರ್ಡು, ಔಷಧದ ಬಾಟಲಿ, ಅಕ್ಕಿಯ ಚೀಲ, ಏನು ಸಿಕ್ಕರೂ ಗಟ್ಟಿಯಾಗಿ ಓದುತ್ತಾಳೆ. ನಾನು ಮೂರನೇ ಇಯತ್ತೆಗೆ ಶಾಲೆ ಬಿಟ್ಟವಳು. ಅವಳು ಓದುವುದನ್ನು ಕೇಳಿದರೆ ನನಗೆ ಹೊಟ್ಟೆ ತುಂಬಿದಂತಾಗುತ್ತದೆ. ಎದುರಿಗೆ ಬಂದವರನ್ನೆಲ್ಲ ನಿಲ್ಲಿಸಿ ಅದನ್ನೇ ಹೇಳುತ್ತೇನೆ, ಕೆಲವರು ನನ್ನನ್ನು ಕಂಡರೆ ಬೇರೆ ಓಣಿ ಹಿಡಿಯುತ್ತಾರೆ! ಅಂಥ ನಾನು ಅವತ್ತು, "ಬ್ಯಾಡ, ತಾ ಇಲ್ಲೆ" ಎಂದು ಅವಳ ಕೈಯಿಂದ ಕಾಗದ ಕಸಿದುಕೊಂಡೆ. ಮಗು ಪಿಳಿಪಿಳಿ ನೋಡಿತು.

ಆ ಚೀಟಿ ಬರೆದವರು ಹಡಗಿನ ಮಾಸ್ತರರು. ಅದನ್ನು ನನ್ನ ಮಗಳಿಗೆ ಮುಟ್ಟಿಸದೆ ಮುಚ್ಚಿಟ್ಟವಳು ನಾನು. ಹೆಸರು ಕೆಟ್ಟದ್ದು ಮಾತ್ರ ಅವರದು...

ಗೋವಾದ ಮ್ಹಾಪಸಾ ಪೇಟೆಯಲ್ಲಿ ನಮ್ಮದು ಒಣಮೆಣಸಿನಕಾಯಿ, ಜೋಳದ ಹಿಟ್ಟಿನ ಅಂಗಡಿ. ಧಾರವಾಡದ ಕಡೆಯಿಂದ ಬಂದು ನೆಲೆಸಿದವರು. ಮಾಸ್ತರರ ಮನೆ ನಮ್ಮ ಓಣಿಯ ತುದಿಗೆ. ಇಟಲಿಯವರ ಹಡಗಿನಲ್ಲಿ ಊಟ ಬಡಿಸುವ ಕೆಲಸ ಮಾಡಿ, ಕೂದಲು ಬೆಳ್ಳಗಾದ ಮೇಲೆ ಊರಿಗೆ ಮರಳಿದ್ದರು. ನಮ್ಮ ಓಣಿಯ ಗಟ್ಟಿ ನೆಲದ ಮೇಲೂ ಕಾಲು ಅಗಲಿಸಿಯೇ ನಡೆಯುತ್ತಿದ್ದರು, ನೆಲ ಯಾವಾಗ ವಾಲುತ್ತದೋ ಎಂಬಂತೆ. ಹೆಂಡತಿ ತೀರಿಹೋಗಿದ್ದಳು, ಮಕ್ಕಳಿರಲಿಲ್ಲ. ಮನೆಯ ಮುಂದಿನ ಕಟ್ಟೆಯ ಮೇಲೆ ಆರು ಕುರ್ಚಿ ಹಾಕಿ, ಇಟಲಿಗೆ ಕೆಲಸಕ್ಕೆ ಹೋಗುವ ಹುಡುಗಿಯರಿಗೆ ಅಲ್ಲಿನ ಭಾಷೆ ಕಲಿಸುತ್ತಿದ್ದರು. ಆ ಆರು ಕುರ್ಚಿಗಳೇ ಅವರ ಸಂಸಾರ ಎಂದರೂ ಸರಿ.

ಎರಡು ಸಾವಿರದ ಮೂರರ ಸುಮಾರು. ನನ್ನ ಮಗಳು ಇಲ್ಲಿಯದೇ ಒಂದು ಆಸ್ಪತ್ರೆಯಲ್ಲಿ ನರ್ಸು. ಇಟಲಿಗೆ ನರ್ಸುಗಳನ್ನು ಕಳಿಸುವ ಏಜೆಂಟನೊಬ್ಬ ಬಂದಿದ್ದಾನೆ, ನಾನೂ ಹೋಗುತ್ತೇನೆ ಎಂದು ಹಟ ಹಿಡಿದಳು. ಅವಳ ಡ್ಯೂಟಿಯ ಹೊತ್ತಿಗೂ ಕಟ್ಟೆಯ ಕ್ಲಾಸಿನ ಹೊತ್ತಿಗೂ ಹೊಂದಲಿಲ್ಲ. ಹಾಗಾಗಿ ಮಾಸ್ತರರೇ ಸಂಜೆ ನಮ್ಮ ಮನೆಗೆ ಬರತೊಡಗಿದರು. ದುಡ್ಡು ಕೊಡಲು ಹೋದರೆ ಬೈದರು. ಎರಡು ಬಿಸಿ ರೊಟ್ಟಿ, ಶೇಂಗಾ ಚಟ್ನಿ ಹಾಕಿಕೊಟ್ಟರೆ ಅಡುಗೆಮನೆಯ ಬಾಗಿಲಲ್ಲೇ ಕೂತು ತಿನ್ನುತ್ತಿದ್ದರು.

ಒಳಗೆ ನಾನು ರೊಟ್ಟಿ ಬಡಿಯುವುದು, ಹೊರಗೆ ಅವರು ಪಾಠ ಹೇಳುವುದು. ಮಾತಾಡುವುದು ಎಂಬುದಕ್ಕೆ ಅವರ ಭಾಷೆಯಲ್ಲಿ ಪಾರ್ಲೊ, ಪಾರ್ಲಿ, ಪಾರ್ಲಾ, ಪಾರ್ಲ್ಯಾಮೊ, ಪಾರ್ಲಾತೆ, ಪಾರ್ಲನೊ. ನಾನು, ನೀನು, ಅವನು, ನಾವು, ನೀವು, ಅವರು, ಒಬ್ಬೊಬ್ಬರಿಗೆ ಒಂದೊಂದು ಬಾಲ. ಆಗಿದ್ದಕ್ಕೆ ಬೇರೆ ಬಾಲ, ಆಗುವುದಕ್ಕೆ ಬೇರೆ. ಅಪ್ಪಣೆ ಮಾಡಿದರೆ ಒಂದು, ಹಾಗಾಗಲಿ ಎಂದು ಬಯಸಿದರೆ ಒಂದು, ಹೀಗಾಗಿದ್ದರೆ ಚೆನ್ನಾಗಿತ್ತು ಎಂದು ಹಳಹಳಿಸಿದರೆ ಮತ್ತೊಂದು. ಮಗಳು ಎಲ್ಲವನ್ನೂ ಕನ್ನಡ ಅಕ್ಷರದಲ್ಲಿ ಬರೆದುಕೊಳ್ಳುತ್ತಿದ್ದಳು. ನನ್ನ ಕೈ ತನ್ನಷ್ಟಕ್ಕೆ ಆ ತಾಳಕ್ಕೆ ಬಡಿಯತೊಡಗಿತು. ಒಂದು ಸಾಲು ಮುಗಿಯುವುದರೊಳಗೆ ಒಂದು ರೊಟ್ಟಿ ಪರಾತದ ಅಗಲಕ್ಕೆ ಬರುತ್ತಿತ್ತು. ನಮ್ಮ ಮನೆಯವರು ಅಂಗಡಿಗೆ ಬಂದವರಿಗೆಲ್ಲ ಹೇಳುತ್ತಿದ್ದರು, "ನಮ್ಮ ಮನ್ಯಾಗ ಈಗ ರೊಟ್ಟಿನೂ ಇಟಲಿ ಭಾಷಾದಾಗ ಬಡೀತಾರ್ರೀ!"

ಒಂದು ಶುಕ್ರವಾರ, ದೀಪ ಹಚ್ಚುವ ಹೊತ್ತು. ಮಗಳು ಹೊಸ್ತಿಲ ಹತ್ತಿರ ಕೂತು ಹೊಸ ಮಾತೊಂದನ್ನು ಶುರು ಮಾಡಿದಳು. ಪಾರ್ತೊ, ಪಾರ್ತಿ, ಪಾರ್ತೆ... ತಾಳ ಚೆನ್ನಾಗಿತ್ತು. "ಇವತ್ತಿಂದು ಏನದು?" ಎಂದೆ.

"ಹೋಗೂದವ್ವಾ. ಊರು ಬಿಟ್ಟು ಹೊಂಡೂದು."

ನನ್ನ ಕೈ ನಿಂತುಬಿಟ್ಟಿತು. ನಮ್ಮಲ್ಲಿ ಅಂಗಡಿಗೆ ಹೊರಟರೂ 'ಬರ್ತೇನಿ' ಅನ್ನುತ್ತೇವೆಯೇ ಹೊರತು ಬಾಯಿಬಿಟ್ಟು 'ಹೋಗ್ತೇನಿ' ಅನ್ನುವುದಿಲ್ಲ. ನನ್ನ ತಮ್ಮ ಒಂದು ದಿನ ಮೆಣಸಿನಕಾಯಿ ಲಾರಿ ಹತ್ತುವಾಗ ಗಡಿಬಿಡಿಯಲ್ಲಿ, "ಹೋಗ್ತೇನಿ ಅಕ್ಕಾ" ಅಂದಿದ್ದ. ಘಾಟಿನ ತಿರುವಿನಲ್ಲಿ ಲಾರಿ... ಇರಲಿ. ದೀಪದ ಹೊತ್ತಿನಲ್ಲಿ, ಹೊಸ್ತಿಲ ಮೇಲೆ, ಇದ್ದೊಬ್ಬ ಮಗಳು ನಾನು ಹೋಗುತ್ತೇನೆ, ನೀನು ಹೋಗುತ್ತೀ ಎಂದು ಹಾಡುತ್ತಿದ್ದಾಳೆ!

ಹಿಟ್ಟಿನ ಕೈಯಲ್ಲೇ ಹೊರಬಂದೆ. "ಮಾಸ್ತರ್ರ, ನಿಮ್ಮ ಕಾಲಿಗೆ ಬೀಳ್ತೇನಿ, ಇದೊಂದು ಮಾತು ನಮ್ಮ ಮನ್ಯಾಗ ಬ್ಯಾಡ್ರಿ."

"ಅಯ್ಯ, ಸುಮ್ನಿರವ್ವಾ. ಪರೀಕ್ಷಾಕ್ಕ ಕೇಳಿದ್ರ ಏನ್ಮಾಡ್ಲಿ?" ಎಂದು ಮಗಳು ರೇಗಿದಳು.

ಮಾಸ್ತರರು ನಗಲಿಲ್ಲ. ಮನೆಮಾತು ಕೊಂಕಣಿಯಾದ ಅವರು ನನ್ನನ್ನು ಬಾಯ್, ಅಂದರೆ ಅಕ್ಕ, ಎಂದೇ ಕರೆಯುತ್ತಿದ್ದರು. ಪೇಟೆಯಲ್ಲಿ ಕಲಿತ ತಮ್ಮ ಕನ್ನಡದಲ್ಲಿ ನಿಧಾನವಾಗಿ ಹೇಳಿದರು. "ಬಾಯ್, ನಮ್ಮ ಕಡೆ ಭೀ ಹಂಗೇ. ಹೊರಗ ಹೋಗಬೇಕಾದ್ರ ಯೆತಾಂ ಅಂತಾರ, ಬರ್ತೇನಿ ಅಂತ. ನನ್ನ ಆಯಿ ಭೀ ಹಿಂಗೇ ಅಳತಿತ್ತು. ಇದು ಆಖರಿಗೆ ನೋಡೂಣು."

ಮಾತು ಬದಲಿಸಿದರು. ಮಲಗುವುದು, ನಂಬುವುದು, ತಿರುಗಿ ಬರುವುದು... ಅವತ್ತಿನಿಂದ ಮನೆ ಬಿಡುವಾಗಲೆಲ್ಲ ಹೊಸ್ತಿಲಲ್ಲಿ ನಿಂತು, ನನ್ನ ಕಡೆ ನೋಡಿ, "ತೋರ್ನೊ, ಬಾಯ್" ಅನ್ನತೊಡಗಿದರು. ಮರಳಿ ಬರ್ತೇನೆ ಎಂದು ಅದರ ಅರ್ಥ. ನಾನು ಒಳಗಿನಿಂದ "ಬರ್ರಿ, ಬರ್ರಿ" ಅನ್ನುತ್ತಿದ್ದೆ.

ಪಣಜಿಯ ಹೋಟೆಲೊಂದರಲ್ಲಿ ಸಂದರ್ಶನ. ಹಿಂದಿನ ದಿನ ಮಾಸ್ತರರು ತಂಗಿಯ ಮನೆಯ ಪ್ರಾರ್ಥನೆಗೆಂದು ಮಡಗಾಂವಿಗೆ ಹೊರಟಿದ್ದರು. ಮಗಳು ಡ್ಯೂಟಿಯಲ್ಲಿದ್ದಳು. ಮಡಿಚಿದ ಚೀಟಿಯನ್ನು ನನ್ನ ಕೈಗಿಟ್ಟರು. "ಬಾಯ್, ಆ ಉಳಿದ ಮಾತು. ಬಸ್ಸಿನ್ಯಾಗ ಒಂದ್ಸಲ ನೋಡಿದ್ರ ಬಸ್. ಕನ್ನಡ ಅಕ್ಷರ ಬರದೇನಿ ನಾನು. ನೀವು ಭೀ ಓದ್ರಿ, ಹಾಂ?"

ನಾನು ಓದಲಿಲ್ಲ. ಬಿಡಿಸಲೂ ಇಲ್ಲ. ಮಗಳು ಮನೆಗೆ ಬಂದಳು, ಉಂಡಳು, ಮಲಗಿದಳು. ಬೆಳಿಗ್ಗೆ ಇಸ್ತ್ರಿ ಮಾಡಿದ ಸೀರೆ ಉಟ್ಟು, "ಮಾಸ್ತರ್ರು ಏನಾರ ಹೇಳಿದ್ರೇನವ್ವಾ?" ಎಂದು ಕೇಳಿದಳು. "ಏನಿಲ್ಲ" ಎಂದು ಹಣೆಗೆ ಕುಂಕುಮ ಹಚ್ಚಿ ಕಳಿಸಿದೆ. ಚೀಟಿಯನ್ನು ಒಲೆಗೆ ಹಾಕಲು ಧೈರ್ಯ ಬರಲಿಲ್ಲ. ಅಕ್ಷರ ಅಂದರೆ ಸರಸ್ವತಿ, ಸುಡಬಾರದು. ಕರ್ಪೂರದ ಡಬ್ಬಿಯ ತಳಕ್ಕೆ ತುರುಕಿದೆ.

ಅಪಶಕುನಕ್ಕೆ ಅಂಜಿ ಹಾಗೆ ಮಾಡಿದೆ ಎಂದು ಒಂಬತ್ತು ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಖರೇ ಅಂದರೆ, ಅವಳು ಹೋಗುವುದು ನನಗೆ ಬೇಡವಾಗಿತ್ತು.

ಸಂಜೆ ಮಗಳು ಬಂದು ಚಪ್ಪಲಿ ಬಿಡದೆ ನಮ್ಮ ಕಟ್ಟೆಯ ಮೇಲೆ ಕೂತಳು. ಇಟಲಿಯ ಹೆಂಗಸು ಕೇಳಿದ ಮೊದಲ ಪ್ರಶ್ನೆಯೇ, ನೀನು ಯಾವಾಗ ಹೊರಡಬಲ್ಲೆ ಎಂದು. ಮೂರು ಸಲ ಕೇಳಿದಳಂತೆ. "ಯಾವಾಗ ಅಂದಿದ್ದು ತಿಳೀತವ್ವಾ. ಯಾವಾಗ ಏನು ಅನ್ನೂದು ತಿಳೀಲಿಲ್ಲ, ಅವತ್ತ ಅರ್ಧಕ್ಕ ಬಿಟ್ಟ ಮಾತು ಮರತೇ ಹೋಗಿತ್ತು. ಬಾಯಿ ಒಣಗಿ ಬಂತು. ಆಮ್ಯಾಲ ಬರೂದೂ ಬರಲಿಲ್ಲ."

ಮಾರನೆಯ ದಿನ ಮಾಸ್ತರರು ಬಂದಾಗ ಅವಳು ಅಳುತ್ತ, "ಆ ಒಂದು ಮಾತು ನೀವು ಪೂರಾ ಹೇಳಿಕೊಡಲೇ ಇಲ್ಲಲ್ರೀ ಸರ್" ಅಂದಳು. ಅವರು ಅವಳನ್ನು ನೋಡಿದರು. ಆಮೇಲೆ ನನ್ನನ್ನು ನೋಡಿದರು. ನಾನು ಪರಾತದ ಮೇಲೆ ಬಗ್ಗಿದೆ. ಕೈಯಲ್ಲಿ ಹಿಟ್ಟು ಹರಿದು ಹರಿದು ಹೋಗುತ್ತಿತ್ತು.

"ಹೌದು ಮಗಾ," ಅಂದರು ಮಾಸ್ತರರು. "ಮರತೆ. ನಂದೇ ಚೂಕ್."

ಅಷ್ಟೇ. ನಾನು ಆಗಲಾದರೂ ಬಾಯಿಬಿಡಬಹುದಿತ್ತು. ಬಿಡಲಿಲ್ಲ.

ಆ ಮುದುಕ ಅರ್ಧಮರ್ಧ ಕಲಿಸುತ್ತಾನೆ, ಹೊರಡುವುದು ಅನ್ನುವುದೇ ಗೊತ್ತಿಲ್ಲದ ಹುಡುಗಿಯನ್ನು ಕಳಿಸಿದ್ದ ಎಂದು ಏಜೆಂಟ ಎಲ್ಲೆಡೆ ಆಡಿಕೊಂಡ. ಹುಡುಗಿಯರು ಬೇರೆ ಕ್ಲಾಸು ಹಿಡಿದರು. ಕಟ್ಟೆಯ ಮೇಲೆ ಆರು ಇದ್ದದ್ದು ಮೂರಾಯಿತು, ಮೂರು ಹೋಗಿ ಒಂದಾಯಿತು. ಆ ಒಂದರ ಮೇಲೆ ಮಾಸ್ತರರೇ ಕೂತಿರುತ್ತಿದ್ದರು. ನಾನು ರೊಟ್ಟಿ ಕಳಿಸುತ್ತಿದ್ದೆ, ದಿನಾ ಕಳಿಸುತ್ತಿದ್ದೆ. ಪಾಪ ತೊಳೆಯಲು ರೊಟ್ಟಿ ಸಾಲುತ್ತದೆಯೇ?

ಮರುವರ್ಷ ಮಡಗಾಂವಿನ ತಂಗಿ ಅವರನ್ನು ತನ್ನಲ್ಲಿಗೆ ಕರೆದುಕೊಂಡು ಹೋದಳು. ಟ್ಯಾಕ್ಸಿ ನಿಲ್ಲಿಸಿ, ಕಾಲು ಅಗಲಿಸಿ ನಡೆದು ನಮ್ಮ ಬಾಗಿಲಿಗೆ ಬಂದರು. ಚೀಟಿಯ ಮಾತೆತ್ತಲಿಲ್ಲ. "ತೋರ್ನೊ, ಬಾಯ್" ಅಂದರು. 'ಬರ್ರಿ' ಅನ್ನಬೇಕು. ನಾನು ಅನ್ನಲಿಲ್ಲ, ಸೆರಗಿಗೆ ಕೈ ಒರೆಸುತ್ತ ನಿಂತೆ. ಒಂದು ಗಳಿಗೆ ಕಾದರು, ಆಮೇಲೆ ತಲೆ ಆಡಿಸಿ ಹೊರಟರು. ಮಳೆಗಾಲ ಮುಗಿಯುವ ಹೊತ್ತಿಗೆ ಪಾವು ಬ್ರೆಡ್ಡು ಮಾರುವವನು ಸೈಕಲ್ಲು ನಿಲ್ಲಿಸಿ ಹೇಳಿದ, ಮಾಸ್ತರರು ಹೋದರಂತೆ ಎಂದು.

ಮಗಳು ಇಲ್ಲೇ ಉಳಿದಳು. ಕಾರವಾರದ ಒಳ್ಳೆಯ ಹುಡುಗ ಸಿಕ್ಕ. ಈ ಬಂಗಾರದಂಥ ಮಗು ಹುಟ್ಟಿತು. ಅವಳು ಅವತ್ತು ಹೋಗಿದ್ದರೆ ಇದು ಎಲ್ಲಿರುತ್ತಿತ್ತು? ಮಗುವನ್ನು ತಬ್ಬಿಕೊಂಡು ಖುಷಿಯಿಂದ ಉಕ್ಕುವಾಗಲೇ ಆ ಒಂಟಿ ಕುರ್ಚಿ ಕಣ್ಣ ಮುಂದೆ ಬಂದು ನಿಲ್ಲುತ್ತದೆ...

ಮೊನ್ನೆ ಕೊನೆಗೂ ಚೀಟಿಯನ್ನು ಮೊಮ್ಮಗಳ ಕೈಗೆ ಕೊಟ್ಟೆ. "ಓದವ್ವಾ" ಅಂದೆ.

"ಯಾರೋ ಒಂದನೇ ಇಯತ್ತೆ ಹುಡುಗ ಬರದಾನ ಅಜ್ಜೀ, ಎಷ್ಟ್ ಸೊಟ್ಟ ಅದಾವ!" ಎಂದು ನಕ್ಕು, ಬೆರಳಿಟ್ಟು ಓದಿದಳು. "ಪಾರ್ತೊ... ತೋರ್ನೊ. ಪಾರ್ತಿ... ತೋರ್ನಿ. ಪಾರ್ತೆ... ತೋರ್ನಾ."

ನಾನು ಅವಳ ಪಕ್ಕ ಕೂತು ಕಾಗದದ ಮೇಲೆ ಬಗ್ಗಿದೆ. ಎಡಕ್ಕೆ ಹೋಗುವುದು, ಬಲಕ್ಕೆ ಬರುವುದು. ಆಗಿದ್ದಕ್ಕೂ, ಆಗುವುದಕ್ಕೂ, ಆಗಲಿ ಎಂದು ಬಯಸುವುದಕ್ಕೂ, ಕಾಗದದ ಕೆಳಗಿನ ಅಂಚಿನ ತನಕ. ಒಂದು ಹೋಗುವುದನ್ನೂ ಮಾಸ್ತರರು ಒಂಟಿಯಾಗಿ ಬಿಟ್ಟಿರಲಿಲ್ಲ. ಕನ್ನಡ ಅಕ್ಷರವೇ ಬಾರದ ಅವರು ನನಗಾಗಿಯೇ ಮಗಳ ಪುಸ್ತಕ ನೋಡಿ ತಿದ್ದಿ ಬರೆದಿದ್ದರು. ನೀವು ಭೀ ಓದ್ರಿ ಅಂದಿದ್ದರು.

ಸಂಜೆ ಮಗಳು ಡ್ಯೂಟಿ ಮುಗಿಸಿ ಬಂದಾಗ ಚೀಟಿ ಕೊಟ್ಟು ಎಲ್ಲ ಹೇಳಿದೆ. ಎರಡು ಸಲ ಓದಿದಳು. "ಮಾಸ್ತರ್ರಿಗೆ ಗೊತ್ತಿತ್ತೇನ?" ಅಂದಳು. "ಗೊತ್ತಿತ್ತು." ಚೀಟಿಯನ್ನು ಮತ್ತೆ ಮಡಿಚಿ, "ನಾ ಹೋಗೂದು ತಪ್ಪಿದ್ದಕ್ಕ ನನಗ ಸಿಟ್ಟಿಲ್ಲವ್ವಾ. ಅವರ ಹೆಸರು ಯಾಕ ಹಾಳ ಮಾಡಿದಿ?" ಎಂದಳು. ಎರಡು ದಿನವಾಯಿತು, ಕೇಳಿದ್ದಕ್ಕಷ್ಟೇ ಮಾತಾಡುತ್ತಾಳೆ.

ಮಗುವಿಗೆ ಇದೆಲ್ಲ ಏನು ಗೊತ್ತು? ಹೊಸ ಆಟ ಸಿಕ್ಕಿದೆ. ಇವತ್ತು ಬೆಳಿಗ್ಗೆ ಶಾಲೆಯ ಚೀಲ ಹೆಗಲಿಗೇರಿಸಿ ಹೊಸ್ತಿಲಲ್ಲಿ ನಿಂತು ಕೂಗಿದಳು, "ತೋರ್ನೊ, ಅಜ್ಜೀ!"

ಪರಾತ ಬಿಟ್ಟು, ಹಿಟ್ಟಿನ ಕೈಯಲ್ಲೇ ಬಾಗಿಲ ತನಕ ಹೋದೆ. "ಬಾರವ್ವಾ" ಅಂದೆ. ಅವಳು ಓಣಿ ದಾಟುವ ತನಕ ನಿಂತೆ. ಆಮೇಲೆ ಓಣಿಯ ತುದಿಯ ಆ ಖಾಲಿ ಕಟ್ಟೆಯ ಕಡೆ ನೋಡಿ ಇನ್ನೊಂದು ಸಲ, "ಬರ್ರಿ" ಅಂದೆ. ಕೇಳಿಸಿಕೊಳ್ಳಲು ಅಲ್ಲಿ ಯಾರೂ ಇರಲಿಲ್ಲ.