ವರ್ಲಿನ್ ಬಿಚ್ಚಿಟ್ಟ ಜಾಕೆಟ್

ಐಡಾಹೊದ ಆ ಬೆಟ್ಟದೂರಿನಲ್ಲಿ ಆರ್ಡಿತ್ ಸ್ಕಾರಳ ಅಂಗಡಿಗೆ ಮಳೆ ಜಾಕೆಟ್ ಕೊಳ್ಳಲು ಹೋದರೆ ಅವಳು ಮೊದಲು ಬಣ್ಣ ತೋರಿಸುವುದಿಲ್ಲ. "ಹಾಕ್ಕೊಂಡು ಕೈ ಎತ್ತು" ಎನ್ನುತ್ತಾಳೆ. ತಾನು ಕಣ್ಣು ಮುಚ್ಚಿ ಕಿವಿಗೊಡುತ್ತಾಳೆ. ಬಟ್ಟೆ ಚರಪರ ಎಂದರೆ ಕಿತ್ತುಕೊಂಡು ಗೂಟಕ್ಕೆ ನೇತುಹಾಕುತ್ತಾಳೆ. ಮುದುಕಿಗೆ ಅರಳುಮರಳು ಎಂದು ನಗುವವರಿಗೇನು ಗೊತ್ತು, ಮಣ್ಣಂಗಟ್ಟಿ!

ಅವಳ ಗಂಡ ವರ್ಲಿನ್ ಬಿಲ್ಲು ಹಿಡಿದು ಎಲ್ಕ್ ಎಂಬ ಕಡವೆಯಂಥ ದೊಡ್ಡ ಮೃಗದ ಬೇಟೆಯಾಡುತ್ತಿದ್ದವನು. ಮೈಮೇಲೆ ಅಪ್ಪನ ಕಾಲದ ಉಣ್ಣೆಯಂಗಿ, ನೆನೆದರೆ ಹೆಣಭಾರ. ಒಂದು ವರ್ಷ ನ್ಯುಮೋನಿಯಾ ಬಂದು ಸಾವಿನ ಬಾಯಿಂದ ಎದ್ದು ಬಂದಿದ್ದ. ಇನ್ನೊಂದು ಸಲ ನೆನೆದರೆ ಉಳಿಯಲಾರ ಎಂಬ ಭಯ ಅವಳಿಗೆ. ಅಂಗಡಿಯಲ್ಲಿದ್ದ ಬೇಟೆಗಾರರ ಜಾಕೆಟ್ಟನ್ನೂ ಪರ್ವತ ಹತ್ತುವವರ ಜಾಕೆಟ್ಟನ್ನೂ ನಲ್ಲಿಯ ಕೆಳಗೆ ಹಿಡಿದು ನೋಡಿದಳು. ಬೇಟೆಯವರದ್ದು ಹೊಲಿಗೆಯಲ್ಲಿ ಜಿನುಗಿತು. ಪರ್ವತದವರದ್ದು ಹನಿ ನೀರನ್ನೂ ಒಳಗೆ ಬಿಡಲಿಲ್ಲ. ಅದನ್ನೇ ಮನೆಗೆ ತಂದಳು.

"ಇದೇನೇ, ಚಿಪ್ಸ್ ಪೊಟ್ಟಣದಂಗೆ ಸದ್ದು ಮಾಡುತ್ತೆ! ಎಲ್ಕ್ ಇರ್ಲಿ, ಊರ ನಾಯಿಗಳೂ ಓಡ್ತವೆ" ಎಂದ ವರ್ಲಿನ್.

"ಓಡಿದ್ರೆ ಓಡ್ಲಿ. ನೀನು ನೆನೀಬೇಡ ಅಷ್ಟೇ. ಮೈಮೇಲಿಂದ ತೆಗೆದ್ಯೋ, ನೋಡು!"

"ಆಯ್ತು ತಾಯಿ, ತೆಗೆಯಲ್ಲ."

ಸೆಪ್ಟೆಂಬರಿನಲ್ಲಿ ತಮ್ಮ ಕ್ಲೀಟನ ಜೊತೆ ಬೆಟ್ಟ ಹತ್ತಿದ. ಒಂದು ಸಂಜೆ ಒಬ್ಬನೇ ಹೋದವನು ಡೇರೆಗೆ ಮರಳಲಿಲ್ಲ. ಸುರಿಯುತ್ತಿದ್ದ ಮಳೆ ಹಿಮವಾಯಿತು.

ಹುಡುಕಹೋದವರಿಗೆ ಮೊದಲು ಸಿಕ್ಕಿದ್ದು ಒಂದು ಮರದ ಬುಡದಲ್ಲಿ ಅವನ ಬೂಟು, ಮೇಲೆ ಮಡಿಸಿಟ್ಟ ಜಾಕೆಟ್ಟು. ಬಿಲ್ಲಿನವರ ರೂಢಿಯೇ ಅದು: ಮೃಗ ಹತ್ತಿರವಾದಾಗ ಸದ್ದು ಮಾಡುವುದನ್ನೆಲ್ಲ ಕಳಚಿಟ್ಟು ಬರೀ ಕಾಲುಚೀಲದಲ್ಲಿ ನುಸುಳುತ್ತಾರೆ. ಬಾಣವೇನೋ ತಾಗಿತ್ತು. ಗಾಯಗೊಂಡ ಮೃಗವನ್ನು ನರಳಲು ಬಿಟ್ಟು ಬರುವ ಜಾಯಮಾನ ಅವನದಲ್ಲ. ರಕ್ತದ ಜಾಡು ಹಿಡಿದು ಹೋಗಿಬಿಟ್ಟಿದ್ದ. ಹಿಂದಿರುಗುವಾಗ ಹಿಮ ಮುಚ್ಚಿ ಎಲ್ಲ ಮರಗಳೂ ಒಂದೇ ಥರ. ಜಾಕೆಟ್ಟಿದ್ದ ಮರದಿಂದ ಕೂಗಳತೆಯಲ್ಲೇ, ಅದೇ ಕಾಲುಚೀಲದಲ್ಲಿ, ಮುದುಡಿಕೊಂಡು ಸತ್ತುಬಿದ್ದಿದ್ದ. ಅಯ್ಯೋ, ಇನ್ನು ನಾಲ್ಕು ಹೆಜ್ಜೆ ಹಾಕಿದ್ದರೆ!

ಕ್ಲೀಟ್ ಜಾಕೆಟ್ಟನ್ನು ಮನೆಗೆ ತಂದ. "ಅತ್ತಿಗೆ, ಒಳಗೆ ಒಂಚೂರೂ ನೆಂದಿರ್ಲಿಲ್ಲ..." ಎನ್ನುತ್ತಲೇ ಬಿಕ್ಕಿದ.

ಆರ್ಡಿತ್ ತೋಳಿನೊಳಗೆ ಭುಜದವರೆಗೂ ಕೈ ತೂರಿಸಿ ನೋಡಿದಳು. ಬಟ್ಟೆ ಚರಪರ ಎಂದಿತು.

"ನೀರು ಬಿಟ್ಟು ನೋಡ್ದೆ ಕಣೋ" ಎಂದಳು. "ಸದ್ದಾಗುತ್ತೆ ಅಂತ ಅವ್ನು ಬಾಯ್ಬಿಟ್ಟು ಹೇಳ್ದ. ನಾನು ಕೇಳಿಸ್ಕೊಳ್ಳಲಿಲ್ಲ."