ರಂಗಣ್ಣ ಬೇರೆ ಮಾಡಿದ ಕಾಳುಗಳು

ಇಂಥದ್ದನ್ನೆಲ್ಲ ನಂಬುವವಳು ನಾನಲ್ಲ. ಬರಗೂರಿನ ನಮ್ಮ ಮನೆಯ ಗೋಡೆಯ ಮೇಲಿದ್ದದ್ದು ಬುದ್ಧನ ಚಿತ್ರ ಒಂದೇ. ಮೇಷ್ಟರಾಗಿದ್ದ ಅಪ್ಪ, ಯಾರ ಮೈಮೇಲಾದರೂ ದೇವರು ಬಂತೆಂದರೆ "ಊಟ ಹಾಕಿ ಮಲಗಿಸಿ, ಸರಿಹೋಗ್ತದೆ" ಎನ್ನುತ್ತಿದ್ದರು. ನಾನು ಓದಿದ್ದು ರಸಾಯನಶಾಸ್ತ್ರ. ಕೆಲವು ವರ್ಷಗಳ ಹಿಂದೆ ನನಗಾದ ಈ ಅನುಭವವನ್ನು ಬೇರೆ ಯಾರಾದರೂ ಹೇಳಿದ್ದರೆ ನಕ್ಕುಬಿಡುತ್ತಿದ್ದೆ. ನೀವು ನಕ್ಕರೆ ನನಗೆ ಬೇಸರವಿಲ್ಲ.

ಆಗ ನಾನು ದೂರದ ಒಂದು ಪ್ರಯೋಗಾಲಯದಲ್ಲಿದ್ದೆ. ಪರಮಾಣು ಇಂಧನವನ್ನು ದ್ರವದ ಹನಿಗಳಿಂದ ಗುಂಡನೆಯ ಕಾಳುಗಳಾಗಿ ಮಾಡುವುದು ನಮ್ಮ ಕೆಲಸ. ಪುಡಿಯಿಂದ ಮಾಡಿದರೆ ದೂಳೇಳುತ್ತದೆ, ಅದು ಉಸಿರಿಗೆ ಅಪಾಯ. ಹನಿಯಾದರೆ ಆ ಕಾಟವಿಲ್ಲ. ತಣ್ಣಗಿನ ದ್ರಾವಣವನ್ನು ಸೂಜಿಯ ತುದಿಯಿಂದ, ಬಿಸಿ ಎಣ್ಣೆ ತುಂಬಿದ ಎತ್ತರದ ಗಾಜಿನ ಕೊಳವೆಯೊಳಗೆ ಹನಿಹನಿಯಾಗಿ ಬಿಡುತ್ತಿದ್ದೆವು. ಎಣ್ಣೆಯಲ್ಲಿ ಇಳಿಯುತ್ತಲೇ ಹನಿ ಹೆಪ್ಪುಗಟ್ಟಿ, ತಳ ಮುಟ್ಟುವ ಹೊತ್ತಿಗೆ ರಾಗಿಯಷ್ಟು ಗಾತ್ರದ ಕಾಳಾಗಿರುತ್ತಿತ್ತು. ಅದನ್ನು ತೊಳೆದು, ಒಣಗಿಸಿ, ಕುಲುಮೆಯಲ್ಲಿ ಸುಡಬೇಕು. ನಮ್ಮ ಗೋಳು ಇದ್ದದ್ದು ಅಲ್ಲಿ. ನೋಡಲು ಒಂದೇ ಥರ ಇದ್ದ ಕಾಳುಗಳಲ್ಲಿ ಕೆಲವು ಕುಲುಮೆಯಲ್ಲಿ ಒಡೆಯುತ್ತಿದ್ದವು. ಯಾವುದು ಒಡೆಯುತ್ತದೆ, ಏಕೆ ಒಡೆಯುತ್ತದೆ ಎಂಬುದು ಯಾರಿಗೂ ತಿಳಿದಿರಲಿಲ್ಲ.

ನನಗೆ ಕೆಲಸ ಕಲಿಸಿದವರು ಹೊಳವನಹಳ್ಳಿಯ ರಂಗಧಾಮಯ್ಯ. ನಾನು ರಂಗಣ್ಣ ಎನ್ನುತ್ತಿದ್ದೆ. ಆ ಪರವೂರಿನಲ್ಲಿ ನಮ್ಮ ಕಡೆಯ ಮಾತು ಕೇಳಿಸುತ್ತಿದ್ದದ್ದು ಅವರ ಬಾಯಲ್ಲಿ ಮಾತ್ರ. "ಹನಿಗೆ ಅವಸರ ಮಾಡ್ಬಾರ್ದು ಕಣಮ್ಮ. ಅದು ಬಿದ್ದಂಗೆ ಬೀಳ್ಲಿ ಬುಡು" ಎನ್ನುತ್ತಿದ್ದರು. ನಿವೃತ್ತಿಗೆ ಒಂದು ವರ್ಷವಿರುವಾಗ ಅವರಿಗೆ ಪಾರ್ಶ್ವವಾಯು ಹೊಡೆಯಿತು. ಬಲಗಡೆ ಬಿದ್ದುಹೋಯಿತು, ಮಾತು ನಿಂತಿತು. ಹೆಂಡತಿ ನರಸಕ್ಕ ಅವರನ್ನು ಊರಿಗೆ ಕರೆದುಕೊಂಡು ಬಂದರು.

ರಜೆಯಲ್ಲಿ ಬಂದಾಗ ನೋಡಲು ಹೋದೆ. ಅವರಿಗೆ ತೋರಿಸೋಣವೆಂದು ಮೇಲಿನವರ ಒಪ್ಪಿಗೆ ಪಡೆದು ಒಂದು ಸಣ್ಣ ಶೀಶೆಯಲ್ಲಿ ಇನ್ನೂ ಸುಡದ ಕಾಳುಗಳನ್ನು ತಂದಿದ್ದೆ. ಅವು ಯುರೇನಿಯಂ ಕಾಳುಗಳಲ್ಲ. ಅಭ್ಯಾಸಕ್ಕೆಂದು ಸೀರಿಯಂ ಎಂಬ ಲೋಹದ ದ್ರಾವಣದಿಂದ ಮಾಡಿದವು, ವಿಕಿರಣದ ಭಯವಿಲ್ಲ. ಮಧ್ಯಾಹ್ನದ ಹೊತ್ತು. ರಂಗಣ್ಣ ಗೋಡೆಗೆ ಒರಗಿ ಕೂತಿದ್ದರು. ನನ್ನ ಗುರುತು ಸಿಗಲಿಲ್ಲ. "ನನ್ನನ್ನೇ ಯಾರು ಅಂತ ನೋಡ್ತಾರೆ, ನಿನ್ನ ಎಲ್ಲಿ ಕಂಡ್ಹಿಡಿತಾರೆ" ಎಂದರು ನರಸಕ್ಕ.

ಸ್ಟೀಲ್ ತಟ್ಟೆಗೆ ಕಾಳುಗಳನ್ನು ಸುರಿದು ಅವರ ಮುಂದಿಟ್ಟೆ. ಬಹಳ ಹೊತ್ತು ನೋಡಿದರು. ಆಮೇಲೆ ಎಡಗೈ ಬೆರಳಿನ ಉಗುರಿನಿಂದ ಒಂದು ಕಾಳನ್ನು ಅಂಚಿಗೆ ತಳ್ಳಿದರು. ಸ್ವಲ್ಪ ಬಿಟ್ಟು ಇನ್ನೊಂದು. ಹೀಗೆ ಹನ್ನೊಂದು ಕಾಳು ಬೇರೆಯಾದವು. ಬೆರಳಿಗೆ ಹಳೆಯ ಅಭ್ಯಾಸ, ಅಷ್ಟೇ ಎಂದುಕೊಂಡು ನಾನು ಎಲ್ಲವನ್ನೂ ಒಟ್ಟಿಗೆ ಶೀಶೆಗೆ ಹಾಕಲು ಹೊರಟಾಗ ನರಸಕ್ಕ ತಡೆದರು.

"ಬೆರೆಸ್ಬ್ಯಾಡ ಕಣಮ್ಮ. ಇಷ್ಟು ತಿಂಗ್ಳಾದ್ಮೇಲೆ ಅವ್ರು ಮಾಡಿರೋ ಕೆಲ್ಸ ಅದೊಂದೇ. ಹಂಗೇ ತಗೊಂಡೋಗು."

ಅವರ ಮನಸ್ಸು ನೋಯಿಸಬಾರದೆಂದು ಆ ಹನ್ನೊಂದನ್ನು ಕಾಗದದಲ್ಲಿ ಬೇರೆ ಕಟ್ಟಿಕೊಂಡೆ. ಪ್ರಯೋಗಾಲಯಕ್ಕೆ ಮರಳಿ ಅವನ್ನು ಒಂದು ಮೂಸೆಯಲ್ಲಿ, ಉಳಿದವನ್ನು ಇನ್ನೊಂದರಲ್ಲಿಟ್ಟು ಕುಲುಮೆಯಲ್ಲಿ ಸುಟ್ಟೆ. ಹನ್ನೊಂದಕ್ಕೆ ಹನ್ನೊಂದೂ ಒಡೆದಿದ್ದವು. ಉಳಿದವುಗಳಲ್ಲಿ ಒಂದಕ್ಕೂ ಬಿರುಕಿರಲಿಲ್ಲ. ಅಲ್ಲಿಯವರೆಗೆ ಹಾಗೆ ಒಮ್ಮೆಯೂ ಆಗಿರಲಿಲ್ಲ.

ನಾನು ಯಾರಿಗೂ ಹೇಳಲಿಲ್ಲ. ಹೇಳುವುದಾದರೂ ಹೇಗೆ? ಅಷ್ಟರಲ್ಲಿ, ಕಾಳು ಒಡೆಯುವುದು ತಪ್ಪಲಿಲ್ಲವೆಂದು, ತಿಂಗಳ ಕೊನೆಗೆ ಈ ಕೆಲಸ ನಿಲ್ಲಿಸುವುದೆಂದು ಮೇಲಿನವರು ತೀರ್ಮಾನಿಸಿದ್ದರು. ರಂಗಣ್ಣ ಏನನ್ನು ನೋಡಿ ಆರಿಸುತ್ತಾರೆಂದು ತಿಳಿದರೆ ಎಲ್ಲವೂ ಉಳಿಯುತ್ತದೆ ಎಂಬ ಆಸೆ ನನಗೆ. ಹೊಸದಾಗಿ ಸೀರಿಯಂ ಕಾಳು ಮಾಡಿ, ಅರ್ಧವನ್ನು ಅಲ್ಲೇ ಬಿಟ್ಟು, ಇನ್ನರ್ಧ ತೆಗೆದುಕೊಂಡು ಮತ್ತೆ ಹೊಳವನಹಳ್ಳಿಗೆ ಹೋದೆ. ರಂಗಣ್ಣ ಇನ್ನೂ ಸೊರಗಿದ್ದರು. ತಟ್ಟೆ ಇಟ್ಟೆ. ಒಂದು ಕಾಳು ತಳ್ಳಿದರು, ಇನ್ನೊಂದು ತಳ್ಳಿದರು. ನಾನು ಭೂತಗನ್ನಡಿ ಹಿಡಿದು ಒಂದೊಂದನ್ನೂ ನೋಡಿದೆ. ಏನೂ ವ್ಯತ್ಯಾಸ ಕಾಣಲಿಲ್ಲ. ಅವರು ನಿಲ್ಲಿಸಲೇ ಇಲ್ಲ. ಹಣೆಯಲ್ಲಿ ಬೆವರು. "ಸಾಕು ಬುಡಿ, ಸಾಕು" ಎಂದು ನರಸಕ್ಕ ಕೈ ಹಿಡಿದರೂ ಕೊಸರಿಕೊಂಡರು. ಕೊನೆಗೆ ತಟ್ಟೆಯ ನಡುವೆ ಒಂದು ಕಾಳೂ ಉಳಿಯಲಿಲ್ಲ. ಆಮೇಲೆ ಅವರು ನನ್ನ ಮುಖ ನೋಡಿದರು. ಆಗ ಅವರಿಗೆ ನನ್ನ ಗುರುತು ಸಿಕ್ಕಿತ್ತು ಎಂದು ಈಗಲೂ ಅನಿಸುತ್ತದೆ.

ಎರಡು ಪಾಲನ್ನೂ ಒಂದೇ ಕುಲುಮೆಯಲ್ಲಿ, ಒಂದೇ ದಿನ ಸುಟ್ಟೆ. ಪ್ರಯೋಗಾಲಯದಲ್ಲಿ ಬಿಟ್ಟುಹೋಗಿದ್ದ ಪಾಲಿನಲ್ಲಿ ಎಂದಿನಂತೆ ಕೆಲವು ಒಡೆದು ಹೆಚ್ಚಿನವು ಉಳಿದಿದ್ದವು. ರಂಗಣ್ಣ ಮುಟ್ಟಿದ ಪಾಲಿನಲ್ಲಿ ಒಂದೂ ಉಳಿದಿರಲಿಲ್ಲ.

ಅವರು ಒಡೆಯುವ ಕಾಳುಗಳನ್ನು ಗುರುತಿಸುತ್ತಿದ್ದರೋ, ಅವರು ಗುರುತಿಸಿದ್ದಕ್ಕೇ ಅವು ಒಡೆದವೋ? ಪ್ರಯಾಣದಲ್ಲಿ ಅಲುಗಾಡಿದ್ದು, ಕೈಬೆವರು ತಾಗಿದ್ದು ಎಂದೆಲ್ಲ ಕಾರಣ ಹುಡುಕಿದೆ. ಮೊದಲ ಸಲ ಅದೇ ಬಸ್ಸುಗಳಲ್ಲಿ ಹೋಗಿಬಂದ, ಅವರು ಮುಟ್ಟದ ಕಾಳುಗಳು ಚೆನ್ನಾಗಿಯೇ ಉಳಿದಿದ್ದವಲ್ಲ? ಇನ್ನೊಮ್ಮೆ ಪರೀಕ್ಷಿಸಲು ದಾರಿಯಿರಲಿಲ್ಲ. ಆ ವಾರವೇ ರಂಗಣ್ಣ ತೀರಿಕೊಂಡರು. ತಿಂಗಳ ಕೊನೆಗೆ ಗಾಜಿನ ಕೊಳವೆಯನ್ನು ಬಿಚ್ಚಿ, ಎಣ್ಣೆ ಬಸಿದು, ಉಗ್ರಾಣಕ್ಕೆ ಹಾಕಿದರು. ನನ್ನನ್ನು ಲೆಕ್ಕಪತ್ರದ ವಿಭಾಗಕ್ಕೆ ಕಳಿಸಿದರು. ಈಗಲೂ ಅಲ್ಲೇ ಇದ್ದೇನೆ.

ತಿಥಿಗೆ ಹೋಗಿದ್ದಾಗ ನರಸಕ್ಕ ನನ್ನನ್ನು ಪಕ್ಕಕ್ಕೆ ಕರೆದರು.

"ಅವ್ರು ಆರ್ಸಿ ಕೊಟ್ಟಿದ್ದು ನಿನ್ನ ಕೆಲ್ಸಕ್ಕೆ ಬಂತೇನಮ್ಮ?"

"ಬಂತು ಅಕ್ಕ" ಎಂದೆ.

"ಹಂಗಾದ್ರೆ ಸರಿ" ಎಂದು ಅವರು ಎಲೆ ಹಾಕಲು ಒಳಗೆ ಹೋದರು.