ಕುಂಡಕ್ಕೆ ಬೇಡದ ಮಳೆ

ನಾನು ಕೂತಲ್ಲಿ ಕೂರುವವಳಲ್ಲ. ದಿನಾ ತಿಪಟೂರಿನಿಂದ ತುರುವೇಕೆರೆಗೆ ಬಸ್ಸಿನಲ್ಲಿ ಹೋಗಿ ಬರುವ ಕೆಲಸ. ಮನೆಗೆ ಬಂದರೂ ಕಾಲು ನಿಲ್ಲುವುದಿಲ್ಲ. ಅಂಥವಳು ಹೋಗಿ ಹೋಗಿ ಬೋನ್ಸಾಯ್ ಸಾಕಲು ಹೊರಟೆ. ಹಳೇ ಗೋಡೆಯ ಬಿರುಕಿನಿಂದ ಕಿತ್ತು ತಂದ ಆಲದ ಸಸಿ, ತಟ್ಟೆಯಂಥ ಕುಂಡದಲ್ಲಿ ವರ್ಷಗಟ್ಟಲೆ ಇದ್ದು ಒಂದು ಗೇಣು ಎತ್ತರವಾಗಿತ್ತು. ಬುಡ ದಪ್ಪಗಾಗಿ, ಒಂದು ಬಿಳಲು ಕೂಡ ಇಳಿದಿತ್ತು. ಜೀವಮಾನದಲ್ಲಿ ನಾನು ಅವಸರ ಮಾಡದೆ ಬೆಳೆಸಿದ್ದು ಅದೊಂದನ್ನೇ.

ಅತ್ತೆಗೆ ಅದನ್ನು ಕಂಡರೆ ಸಂಕಟ. ಹಾಲ್ಕುರಿಕೆ ಹತ್ತಿರ ನಮ್ಮ ತೆಂಗಿನ ತೋಟವಿದೆ. ವಾರಕ್ಕೊಮ್ಮೆಯಾದರೂ ಅಲ್ಲಿಗೆ ಹೋಗಿಬರದಿದ್ದರೆ ಅವರಿಗೆ ಊಟ ಸೇರುವುದಿಲ್ಲ. "ಮರಾನ ಹಿಂಗೆ ಉಪವಾಸ ಕೆಡವಬಾರದು ಕಣವ್ವ" ಎನ್ನುತ್ತಿದ್ದರು.

ಹೋದ ಬೇಸಿಗೆಯಲ್ಲಿ ತೋಟಕ್ಕೆ ಕೆರೆಗೋಡು ಹೊಡೆಸಿದರು. ಕೆರೆಯ ತಳದ ಆ ಕಪ್ಪು ಹೂಳೆಂದರೆ ತೆಂಗಿಗೆ ಹಬ್ಬದೂಟ. ನಾನು ತರಬೇತಿಗೆಂದು ಊರಲ್ಲಿಲ್ಲದ ವಾರ, ಅದನ್ನೇ ಒಂದು ಕವರಿನಲ್ಲಿ ಮನೆಗೂ ತಂದು, ನನ್ನ ಕುಂಡಕ್ಕೆ ಒತ್ತಿ ಒತ್ತಿ ತುಂಬಿದ್ದಾರೆ. ಮೇಲೆ ಎರಡು ಅಡ್ಡಮಳೆ ಬೇರೆ. ಜಿಗುಟು ಮಣ್ಣು, ನೀರು ಇಳಿದಿಲ್ಲ. ನಾನು ಬರುವಷ್ಟರಲ್ಲಿ ಎಲೆಯೆಲ್ಲ ಹಳದಿ. ಕಿತ್ತು ನೋಡಿದರೆ ಬೇರು ಕೊಳೆತು ನಾರುತ್ತಿತ್ತು.

"ಇದು ತೆಂಗಲ್ಲ ಅತ್ತೆ!" ಎಂದು ಕೂಗಾಡಿದೆ.

"ಗೋಡು ಹಾಕಿದ್ರೆ ಸಾಯೋ ಮರಾನೂ ಐತಾ?" ಎಂದರು. ಅವರಿಗೆ ನಿಜಕ್ಕೂ ಗೊತ್ತಿರಲಿಲ್ಲ. ಪ್ರೀತಿಯಿಂದ ಮಾಡಿದ್ದಕ್ಕೆ ಬೈಯುವುದಾದರೂ ಹೇಗೆ? ಆದರೂ ಬೈದೆ.

ಕೊಳೆತ ಬೇರು ಕತ್ತರಿಸಿ, ಇಟ್ಟಿಗೆ ಚೂರು, ದಪ್ಪ ಮರಳು ಹಾಕಿ ಮತ್ತೆ ನೆಟ್ಟೆ. ಎಲೆ ಪೂರ್ತಿ ಉದುರಿ ಬರೀ ಕಡ್ಡಿ ನಿಂತಿತ್ತು. ಉಳಿದಿದ್ದ ನಾಲ್ಕು ಬೇರು ಇನ್ನೊಂದು ಸಲ ನೆನೆದರೆ ಮುಗಿಯಿತು. ಬೆಳಕು ಬೇಕಾದ್ದರಿಂದ ಕುಂಡವನ್ನು ಅಂಗಳದಲ್ಲೇ ಇಡಬೇಕಿತ್ತು. ಅಲ್ಲಿಂದ ಶುರುವಾಯಿತು ನನ್ನ ಗೋಳು. ಬಸ್ಸಿನ ಕಿಟಕಿಯಲ್ಲಿ ಮೋಡ, ಕಚೇರಿಯ ಕಿಟಕಿಯಲ್ಲೂ ಮೋಡ. ಪಕ್ಕದ ಸೀಟಿನವರು "ಈವತ್ತಾದ್ರೂ ಬರಲಪ್ಪ" ಎಂದು ಕೈ ಮುಗಿದರೆ, ನಾನು ಒಳಗೊಳಗೇ ಬೇಡ ಬೇಡ ಎನ್ನುತ್ತಿದ್ದೆ. ಮೋಡ ನೋಡಿ ಎದೆ ಹೊಡೆದುಕೊಂಡವಳು ಈ ಸೀಮೆಗೆಲ್ಲ ನಾನೊಬ್ಬಳೇ ಇರಬೇಕು.

ಆ ಸಲ ಮುಂಗಾರು ಬಹಳ ಸತಾಯಿಸಿತು. ಕೊನೆಗೊಂದು ಸಂಜೆ ನಾನಿನ್ನೂ ಬಸ್ಸಿನಲ್ಲಿದ್ದಾಗಲೇ ತಿಪಟೂರಿನ ಕಡೆ ಆಕಾಶ ಕಪ್ಪಿಟ್ಟು ಸುರಿಯತೊಡಗಿತು. ಮನೆಗೆ ಫೋನ್ ಮಾಡಿದರೆ ಯಾರೂ ಎತ್ತಲಿಲ್ಲ. ಸ್ಟ್ಯಾಂಡಿನಲ್ಲಿ ಇಳಿದವಳು ನೆನೆದುಕೊಂಡೇ ಓಡಿದೆ.

ಕುಂಡ ಅಡುಗೆಮನೆಯ ಕಟ್ಟೆಯ ಮೇಲಿತ್ತು, ಒಂದು ಹನಿಯೂ ತಾಗದೆ. ಅತ್ತೆ ಮಾತ್ರ ತೊಯ್ದು ತೊಪ್ಪೆಯಾಗಿ, ಸೆರಗಿನಿಂದ ತಲೆ ಒರೆಸಿಕೊಳ್ಳುತ್ತಿದ್ದರು. ನಾನು ನೇರ ಕುಂಡದ ಹತ್ತಿರ ಹೋಗಿ ಕಡ್ಡಿಗಳನ್ನು ಒಂದೊಂದೇ ತಿರುಗಿಸಿ ನೋಡಿದೆ. ಒಂದರ ತುದಿಯಲ್ಲಿ ಸೂಜಿ ಮೊನೆಯಷ್ಟು ಹಸಿರು.

"ಚಿಗುರಿದೆ ಅತ್ತೆ! ಬದುಕಿಕೊಂಡಿತು!" ಕುಣಿಯುವುದೊಂದು ಬಾಕಿ.

"ಒಳ್ಳೇದಾಯ್ತು ಬುಡು" ಎಂದು ಒಲೆಯ ಮೇಲೆ ಕಾಫಿಗಿಟ್ಟರು.

ನಮ್ಮ ಕಡೆ ಮಳೆ ಬಂದ ದಿನ ಎದುರಿಗೆ ಸಿಕ್ಕವರು ಕೇಳುವುದು ಒಂದೇ ಮಾತು. ಲೋಟ ತೊಳೆಯುತ್ತಾ, ನನ್ನ ಮುಖ ನೋಡದೆ, ಅತ್ತೆ ಹೇಳಿದರು:

"ತೋಟಕ್ಕೆ ಬಿತ್ತಾ ಅಂತ ಒಂದ್ಮಾತು ಕೇಳ್ಲಿಲ್ವಲ್ಲೇ."

"ಬಿತ್ತಾ ಅತ್ತೆ?"

"ಇಲ್ಲ ಕಣವ್ವ. ಊರೊಳಗೆ ಮಾತ್ರ."